ಕಡೆಗದ್ದೆಯಿಂದ ಶುರುವಾದ ಕಂಪ್ಯೂಟರ್ ಪಾಠ

ಮೂವತ್ತೊಂದು ಮಕ್ಕಳು ನಾಲ್ಕು ದಿನ ಕೂತು ಟೈಪು ಮಾಡಿದ್ದವು. ಶುಕ್ರವಾರ ಮಧ್ಯಾಹ್ನ ನಾನು ಪೆನ್‌ಡ್ರೈವ್ ತೆರೆದು ನೋಡಿದರೆ ಅದರೊಳಗೆ ಇದ್ದದ್ದು ಒಂದೇ ಒಂದು ಬರಹ. ಪೆನ್‌ಡ್ರೈವ್ ಕಿತ್ತು ಸೆರಗಿನಲ್ಲಿ ಒರೆಸಿ ಮತ್ತೆ ಸಿಕ್ಕಿಸಿದೆ. ಆಗಲೂ ಒಂದೇ. 'ನಮ್ಮೂರು' ಎಂದು ಅದರ ಹೆಸರು. ಒಳಗೆ ಮೂರು ಸಾಲು: 'ನಮ್ಮೂರಿನಲ್ಲಿ ನಾಲೆ ಇದೆ. ನಾಲೆಯಲ್ಲಿ ನೀರು ಇದೆ. ಅದರಲ್ಲಿ ಈಜಿದರೆ ಅವ್ವ ಹೊಡೆಯುತ್ತಾಳೆ.'

ಮಿಕ್ಕ ಮೂವತ್ತು ಬರಹಗಳು ಎಲ್ಲಿ ಹೋದವು ಎಂದು ಹುಡುಕುವ ಮೊದಲೇ ನನಗೆ ಕೋಪ ನೆತ್ತಿಗೇರಿತು. ನನ್ನ ಕೋಪ ನಮ್ಮ ಶಾಲೆಯಲ್ಲಿ ಹೆಸರುವಾಸಿ. ಮಳೆ ಬರುತ್ತೆ ಅಂತ ಕೊಡೆ ಹಿಡಿದುಕೊಳ್ಳುವ ಹಾಗೆ ಮಕ್ಕಳು ನನ್ನ ಹುಬ್ಬು ನೋಡಿಯೇ ಪುಸ್ತಕ ಅಡ್ಡ ಹಿಡಿಯುತ್ತವೆ. "ಯಾರು ಅಳಿಸಿದ್ದು? ನಿಜ ಹೇಳಿ, ಇಲ್ಲದಿದ್ದರೆ ಇವತ್ತು ಯಾರೂ ಮನೆಗೆ ಹೋಗಲ್ಲ" ಎಂದು ಮೇಜು ಗುದ್ದಿದೆ.

ಅಷ್ಟು ಕೂಗಾಡಲು ಕಾರಣವಿತ್ತು. ನಮ್ಮದು ಯಲಿಯೂರು ಸ್ಟೇಷನ್ನಿನಲ್ಲಿ ಇಳಿದು ನಾಲೆ ಏರಿಯ ಮೇಲೆ ಒಳಕ್ಕೆ ಹೋಗಬೇಕಾದ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಮದ್ದೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ಹೋಗುವ ವಿಜ್ಞಾನದ ಟೀಚರು. ದಾನಿಯೊಬ್ಬರು ಕೊಡಿಸಿದ್ದ ಆರು ಕಂಪ್ಯೂಟರುಗಳಿಗೆ ನಾವು ಪೂಜೆ ಮಾಡಿ, ಕುಂಕುಮ ಇಟ್ಟು, ಪ್ಲಾಸ್ಟಿಕ್ ಹೊದಿಸಿ, ಕೋಣೆಗೆ ಬೀಗ ಜಡಿದು ವರ್ಷದ ಮೇಲಾಗಿತ್ತು. ಮಕ್ಕಳು ಮುಟ್ಟಿದರೆ ಕೆಟ್ಟುಹೋಗುತ್ತವೆ ಎಂಬ ಹೆದರಿಕೆ. ಮುಟ್ಟದೆಯೇ ಅದರಲ್ಲೊಂದು ಕೆಟ್ಟಿತ್ತು, ಆ ಮಾತು ಬೇರೆ.

ಹೀಗಿರುವಾಗ ತಾಲ್ಲೂಕಿನ ಶಿಕ್ಷಣ ಕಚೇರಿಯಿಂದ ಪತ್ರ ಬಂತು. ಬಳಕೆಯಾಗದ ಕಂಪ್ಯೂಟರುಗಳನ್ನು ಬೇರೆ ಶಾಲೆಗೆ ಕೊಡಲಾಗುವುದು. ನಾಲ್ಕು ವಾರದಲ್ಲಿ ಅಧಿಕಾರಿಗಳು ಬರುತ್ತಾರೆ. ಏಳನೇ ತರಗತಿಯ ಪ್ರತಿ ಮಗುವೂ ತಾನೇ ಬರೆದು ಉಳಿಸಿದ ಒಂದು ಪುಟವನ್ನು ತಾನೇ ತೆರೆದು ತೋರಿಸಬೇಕು. ತೋರಿಸದಿದ್ದರೆ ನಮ್ಮವು ದುದ್ದದ ಕಡೆಯ ಶಾಲೆಯೊಂದಕ್ಕೆ ಹೋಗುತ್ತಿದ್ದವು. ಆ ತರಗತಿಯ ಒಂದು ಮಗುವಿನ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಇವು ಹೋದರೆ ಇನ್ನು ಹೈಸ್ಕೂಲಿಗೆ ಹೋದ ಮೇಲೆಯೇ, ಅದೂ ಮನೆಯಲ್ಲೇ ಕಲಿತು ಬಂದ ಪೇಟೆ ಮಕ್ಕಳ ಪಕ್ಕದಲ್ಲಿ ಕೂತು ಬೆಪ್ಪಾಗಬೇಕು. ಅದನ್ನು ನೆನೆದೇ ನನಗೆ ಹೊಟ್ಟೆ ಉರಿಯಿತು. ಬೀಗ ಹಾಕಿಟ್ಟವರಲ್ಲಿ ನಾನೂ ಒಬ್ಬಳು ಎಂಬ ನಾಚಿಕೆಯೂ ಆಯಿತು. ಕಂಪ್ಯೂಟರ್ ಪಾಠ ನಾನು ಮಾಡುತ್ತೇನೆ ಎಂದು ಒಪ್ಪಿಕೊಂಡೆ.

ಬೀಗ ತೆಗೆದ ದಿನ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದುಕೊಂಡು ಒಳಗೆ ಬಂದವು. ಮೊದಲ ವಾರ ಕೀಲಿಮಣೆಯೊಂದಿಗೆ ಜಗಳದಲ್ಲೇ ಕಳೆಯಿತು. ಬಾಗಿಲ ಗಂಟೆ ಒತ್ತುವ ಹಾಗೆ ಕೀಲಿಯನ್ನು ಒತ್ತಿ ಹಿಡಿದುಬಿಡುತ್ತಿದ್ದರು. ಒಂದು 'ಕ' ಬೇಕಾದ ಕಡೆ ಒಂದು ಪುಟ 'ಕ' ಬರುತ್ತಿತ್ತು. ಒತ್ತಕ್ಷರಕ್ಕೆ ಎಫ್ ಕೀಲಿ ಎಂದು ಹೇಳಿಕೊಟ್ಟು, 'ಅಮ್ಮ' ಎಂದು ಬರೆಯಿರಿ ಎಂದರೆ ಎಲ್ಲರೂ 'ಅವ್ವ' ಎಂದೇ ಬರೆದರು. ಒತ್ತು ಸರಿಯಾಗಿ ಕೂತಿತ್ತಲ್ಲ, ನಾನು ಸುಮ್ಮನಾದೆ. ಬರೆದು ಮುಗಿಸಿದ ಕೂಡಲೇ ಕೆಲವರು ಸ್ವಿಚ್ಚನ್ನೇ ಆರಿಸಿ ಎದ್ದು ಹೋಗುತ್ತಿದ್ದದ್ದು ಮಾತ್ರ ನನಗೆ ಬಗೆಹರಿಯಲಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಎಂದರೆ ಒಬ್ಬ ಹುಡುಗ ನನಗೇ ಬುದ್ಧಿ ಹೇಳಿದ.

"ಕೆಲ್ಸ ಆದ್ಮೇಲೆ ತೂಬು ಮುಚ್ಬುಟ್ಟು ಬರ್ಬೇಕಲ್ವಾ ಮಿಸ್? ಬುಟ್ಟು ಬಂದ್ರೆ ನಮ್ಮಪ್ಪ ಚರ್ಮ ಸುಲೀತಾನೆ."

ನಾಲೆ ನೀರಿನ ಮಕ್ಕಳು. ತಮ್ಮ ಸರದಿ ಮುಗಿಯಿತೆಂದರೆ ಗದ್ದೆಗೆ ನೀರು ಬಿಡುವ ತೂಬು ಮುಚ್ಚಿ ಹೋಗುವುದು ಅವರಿಗೆ ಎದೆಹಾಲಿನ ಜೊತೆಗೇ ಬಂದ ಶಿಸ್ತು. ಉಳಿಸಿ, ಆಮೇಲೆ ಮುಚ್ಚಿ ಎಂದು ದಿನಕ್ಕೆ ಐವತ್ತು ಸಲ ಕೂಗಿ ನನ್ನ ಗಂಟಲು ಕಟ್ಟಿತು. ಇದಕ್ಕೆ ಜೊತೆಯಾಗಿ ಇನ್ನೊಂದು ಕಿರಿಕಿರಿ. ಉಳಿಸುವಾಗಲೆಲ್ಲ ಆ ಯಂತ್ರ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳುತ್ತಿತ್ತು. ಫೈಲನ್ನು ಯಾವ ಬಗೆಯಲ್ಲಿ ಇಡಲಿ ಎಂದು. ಅದನ್ನೆಲ್ಲ ವಿವರಿಸುತ್ತಾ ಕೂತರೆ ದಿನ ಸಾಲದು ಎಂದುಕೊಂಡು ನಾನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 'ಅದು ಏನೇ ಕೇಳಲಿ, ಯೆಸ್ ಒತ್ತಿ.'

ಎರಡನೇ ವಾರ 'ನಮ್ಮೂರು' ಎಂಬ ವಿಷಯ ಕೊಟ್ಟು ಬರೆಯಿಸಿದೆ. ಎಲ್ಲ ಒಂದೇ ಕಡೆ ಇರಲಿ ಎಂದು ಐದು ಕಂಪ್ಯೂಟರಿಗೂ ಒಂದೇ ಪೆನ್‌ಡ್ರೈವ್ ಓಡಾಡಿಸಿದೆ. ಹಾಜರಿ ಪುಸ್ತಕದಲ್ಲಿದ್ದ ಕ್ರಮದಲ್ಲಿ ಒಬ್ಬೊಬ್ಬರೇ ಬಂದು ಬರೆದು ಉಳಿಸಿ ಹೋದರು. ಹಾಗೆ ಶುಕ್ರವಾರ ಬಂತು.

ನಾನು ಮೇಜು ಗುದ್ದಿದ ಮೇಲೆ ಮಕ್ಕಳೆಲ್ಲ ಪುಸ್ತಕ ಅಡ್ಡ ಹಿಡಿದವು. ಕೊನೆಗೆ ಮುಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು.

"ಯಾರೂ ಅಳ್ಸಿಲ್ಲ ಮಿಸ್. ಏನೋ ಕೇಳ್ತು. ನಾವ್ ಯೆಸ್ ಒತ್ತುದ್ವಿ."

ನಾನು ತಿರುಗಿ ಬೋರ್ಡು ನೋಡಿದೆ. ನನ್ನದೇ ಕೈಬರಹ. ಎಲ್ಲರಿಗೂ ವಿಷಯ ಒಂದೇ ಆಗಿದ್ದರಿಂದ ಎಲ್ಲರೂ ಫೈಲಿಗೂ 'ನಮ್ಮೂರು' ಎಂದೇ ಹೆಸರಿಟ್ಟಿದ್ದರು. 'ಈ ಹೆಸರಿನದು ಆಗಲೇ ಒಂದಿದೆ, ಅದನ್ನು ತೆಗೆದು ಇದನ್ನು ಇಡಲೇ' ಎಂದು ಯಂತ್ರ ಪಾಪ ಪ್ರತಿಯೊಬ್ಬರನ್ನೂ ಕೇಳಿತ್ತು. ಟೀಚರ್ ಹೇಳಿದ ಮಾತು ಮೀರದ ಮಕ್ಕಳು ಒಬ್ಬರ ಮೇಲೊಬ್ಬರು ಯೆಸ್ ಒತ್ತುತ್ತಾ ಹಿಂದಿನವರದನ್ನು ಒರೆಸುತ್ತಾ ಬಂದಿದ್ದರು. ಕೊನೆಗೆ ಬಂದವಳದ್ದು ಮಾತ್ರ ಉಳಿದಿತ್ತು.

ಆ ಕೊನೆಯವಳು ವರ್ಷದ ನಡುವೆ ಬೇರೆ ಶಾಲೆಯಿಂದ ಬಂದು ಸೇರಿದ್ದ ಹುಡುಗಿ. ಹಾಗಾಗಿ ಹಾಜರಿಯಲ್ಲಿ ಕೊನೆಯ ಹೆಸರು, ಕೂರುವುದು ಕೊನೆಯ ಬೆಂಚು, ಎಲ್ಲದರಲ್ಲೂ ಕೊನೆಯ ಸರದಿ. ಅವಳ ಅವ್ವ ಊರಿನ ನಾಟಿ ಹೆಂಗಸರ ಗುಂಪಿಗೆ ಮುಂದಾಳು. ಸ್ವಂತಕ್ಕೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. "ಎಲ್ರದ್ದೂ ಇವ್ಳೇ ನುಂಗಿರೋದು ಮಿಸ್" ಎಂದು ಯಾರೋ ಕೂಗಿದರು. ಹುಡುಗಿ ಎದ್ದು ನಿಂತಳು.

"ನಾನ್ ಯಾರ್ದೂ ತಕಂಡಿಲ್ಲ ಮಿಸ್. ದೇವ್ರಾಣೆ ತಕಂಡಿಲ್ಲ."

ಬೋರ್ಡಿನ ಬರಹವನ್ನು ಅಂಗೈಯಿಂದಲೇ ಒರೆಸಿ, "ತಪ್ಪು ನನ್ನದು. ನಿಮ್ಮದಲ್ಲ, ಇವಳದ್ದಂತೂ ಅಲ್ಲವೇ ಅಲ್ಲ" ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ಮಕ್ಕಳ ಎದುರು ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಷ್ಟೇನೂ ಕಷ್ಟವಲ್ಲ ಅನ್ನಿಸಿತು.

ನಮ್ಮ ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ನಿವೃತ್ತಿಗೆ ಹತ್ತಿರ ಬಂದು ಎಲ್ಲದಕ್ಕೂ ಹೆದರುವವರು. ಸುದ್ದಿ ಕೇಳಿ ನನ್ನನ್ನು ಕೋಣೆಗೆ ಕರೆದರು.

"ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ? ನೀವೇ ಮೂವತ್ತೊಂದೂ ಟೈಪ್ ಮಾಡಿ ಇಟ್ಬಿಡಿ. ಚುರುಕಾಗಿರೋ ಐದು ಮಕ್ಕಳನ್ನ ಮುಂದೆ ಕೂರ್ಸೋಣ. ಬಂದವರು ಎಲ್ಲಾ ಕೂತು ನೋಡ್ತಾರಾ? ಟೀ ಕುಡಿದು ಹೋಗ್ತಾರೆ."

ನಾನು ಬೇಡ ಎನ್ನಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಒಬ್ಬಳೇ ಕೂತು ಟೈಪು ಮಾಡತೊಡಗಿದೆ. 'ನಮ್ಮ ಊರು ಸುಂದರವಾದ ಊರು. ನಮ್ಮ ಊರಿನ ಜನ ಶ್ರಮಜೀವಿಗಳು.' ಮೂರು ಮಕ್ಕಳ ಹೆಸರಿನಲ್ಲಿ ಮೂರು ಮುಗಿಸಿದೆ. ನನ್ನ ಕನ್ನಡ ತಪ್ಪಿಲ್ಲದೆ, ಉಪ್ಪಿಲ್ಲದೆ ಇತ್ತು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಊರಿನ ನೀರುಗಂಟಿ. ನಾಲೆಯಿಂದ ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿ ಬಿಡುವುದು ಅವರ ಕೆಲಸ. ಅವರ ಮೊಮ್ಮಗ ನಮ್ಮ ಏಳನೇ ತರಗತಿಯಲ್ಲಿದ್ದ. ಹೆಗಲ ಮೇಲೆ ಮಣ್ಣೆಳೆಯುವ ಸನಿಕೆ, ಮೊಣಕಾಲವರೆಗೆ ಕೆಸರು. ಒಳಗೆ ಬನ್ನಿ ಎಂದರೂ ಬರದೆ ಹೊಸ್ತಿಲ ಹೊರಗೆ ನಿಂತರು.

"ಏನಮ್ಮ, ನನ್ ಮೊಮ್ಮಗ ಬರ್ದಿದ್ದೆಲ್ಲಾ ಕೊಚ್ಕೊಂಡೋಯ್ತಂತೆ?"

"ಹೌದು ಯಜಮಾನ್ರೇ. ನನ್ನದೇ ತಪ್ಪು. ಎಲ್ಲರೂ ಒಂದೇ ಹೆಸರು ಇಟ್ಟುಬಿಟ್ಟರು."

"ಒಂದೇ ಎಸ್ರಾ?" ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. "ಬಯಲ್ಗೆಲ್ಲಾ 'ಗದ್ದೆ' ಅಂತ್ಲೇ ಎಸ್ರಿಟ್ಟಿದ್ರೆ ನಾನ್ ಯಾರ್ ಗದ್ದೆಗೆ ಅಂತ ನೀರ್ ಬುಡ್ಲಿ ಕಣಮ್ಮ? ಕಲ್ಗದ್ದೆ, ಬೇವಿನ್ಮರದ ಗದ್ದೆ, ಮೂರ್ಮೂಲೆ ಗದ್ದೆ, ಒಂದೊಂದ್ಕೂ ಒಂದೊಂದ್ ಎಸ್ರದೆ. ಅದ್ಸರಿ, ಮಿಸಿನ್ನು ಎಷ್ಟವೆ, ಮಕ್ಳು ಎಷ್ಟವ್ರೆ?"

"ಐದು ಮಿಷಿನ್ನು. ಮೂವತ್ತೊಂದು ಮಕ್ಕಳು."

"ಮೊದ್ಲು ಯಾರಿಗ್ ಬುಡ್ತೀರಿ?"

ಹಾಜರಿ ಪ್ರಕಾರ ಬಿಡುತ್ತೇನೆ, ಆದರೆ ಚುರುಕಾಗಿರುವವರಿಗೆ ನಡುನಡುವೆ ಇನ್ನೂ ಸ್ವಲ್ಪ ಹೊತ್ತು ಕೊಡುತ್ತೇನೆ ಎಂದೆ. ಅವರು ಸನಿಕೆಯನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದರು.

"ಅಲ್ಲೇ ಎಡವಟ್ಟಾಗಿರೋದು. ಮೇಲ್ಗದ್ದೆಯೋರಿಗೆ ಮೊದ್ಲು ಬುಟ್ರೆ ಅವ್ರು ಸಾಕು ಅಂತಾರಾ? ತುಂಬಿ ಅರೀತಿದ್ರೂ ಇನ್ನೊಸಿ ಇರ್ಲಿ ಅಂತಾರೆ. ಕಡೆಗದ್ದೆಗೆ ಬರೋ ಒತ್ಗೆ ನಾಲೇನೇ ನಿಂತೋಗಿರ್ತದೆ. ನಾನು ಕಡೆಯಿಂದ ಮೇಲಕ್ಕೆ ಬುಡ್ತೀನಿ. ಕಡೆಯೋನ್ಗೆ ನೀರಾಯ್ತು ಅಂದ್ರೆ ನಡೂಕಿರೋರ್ದೆಲ್ಲಾ ತಾನಾಗ್ ಆಯ್ತದೆ. ಮೇಲ್ಗದ್ದೆಯೋನು ನಾಲೆ ಮಗ್ಗಲಲ್ಲೇ ಅವ್ನೆ, ಅವ್ನ್ಗೇನ್ ಬುಡಿ, ಕೊನೆ ದಿನ ಬುಟ್ರೂ ತಕತಾನೆ."

ಮಾತು ಮುಗಿಸಿ, ನಾನು ಏನು ಹೇಳುತ್ತೇನೆ ಎಂದೂ ಕಾಯದೆ ಸನಿಕೆ ಎತ್ತಿಕೊಂಡು ಹೋದರು. ನಾನು ಮಕ್ಕಳ ಹೆಸರಿನಲ್ಲಿ ಬರೆದಿದ್ದ ಆ ಮೂರು ಸುಂದರವಾದ ಊರುಗಳನ್ನು ಅಳಿಸಿ ಹಾಕಿದೆ. ಆ ಸಲ ಯೆಸ್ ಒತ್ತಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಸೋಮವಾರ ಹೆಡ್‌ಮಾಸ್ಟರಿಗೆ ಹೇಳಿದೆ, ಹಿಂದಿನ ಬೆಂಚಿನಿಂದ ಶುರುಮಾಡುತ್ತೇನೆ ಎಂದು. ಅವರು ತಲೆ ಮೇಲೆ ಕೈ ಹೊತ್ತರು.

"ಇರೋದು ಎರಡು ವಾರ ಮೇಡಂ. ಆ ಮಕ್ಕಳ ಹತ್ರಾನೇ ಎರಡು ವಾರ ಮುಗಿಯತ್ತೆ. ಕಂಪ್ಯೂಟರ್ ಹೋಗತ್ತೆ."

"ಹೋದರೆ ಹೋಗಲಿ ಸಾರ್. ಕಳ್ಳ ಫೈಲು ಇಟ್ಟು ಉಳಿಸಿಕೊಳ್ಳೋದು ನನ್ನ ಕೈಲಿ ಆಗಲ್ಲ."

ಆ ಧೈರ್ಯ ಆರುವ ಮೊದಲೇ ತರಗತಿಗೆ ಹೋದೆ. ಹಾಜರಿ ಪುಸ್ತಕವನ್ನು ಕೆಳಗಿನಿಂದ ಓದಿದೆ. ಕೊನೆಯ ಹುಡುಗಿ ಮೊದಲು. ಅವಳ ಹಿಂದೆ ಅವಳ ಸಾಲಿನವರು. ಮುಂದಿನ ಬೆಂಚಿನ ಜಾಣರ ಮುಖ ಊದಿಕೊಂಡಿತು. "ಮಿಸ್‌ಗೆ ಮಂಡೆ ಕೆಟ್ಟದೆ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಹೆಸರಿನ ವಿಷಯದಲ್ಲಿ ನಾನು ಮತ್ತೆ ಮುಗ್ಗರಿಸಿದೆ. ನೀರುಗಂಟಿಯವರ ಮಾತಿನ ಹುರುಪಿನಲ್ಲಿ, "ನಿಮ್ಮ ನಿಮ್ಮ ಗದ್ದೆ ಹೆಸರನ್ನೇ ಫೈಲಿಗೆ ಇಡಿ, ಯಾರದ್ದೂ ಯಾರದಕ್ಕೂ ಬೆರೆಯಲ್ಲ" ಎಂದೆ. ಕೈಗಳು ಮೇಲೆದ್ದವು, ಕಲ್ಗದ್ದೆ, ಮಾವಿನ ಗದ್ದೆ, ಸೇತುವೆ ಗದ್ದೆ. ಏಳೆಂಟು ಕೈ ಮಾತ್ರ ಏಳಲಿಲ್ಲ. ಕೊನೆಯ ಹುಡುಗಿ ಕೀಲಿಮಣೆ ನೋಡುತ್ತಾ ಹೇಳಿದಳು.

"ನಮ್ಗೆ ಗದ್ದೆ ಇಲ್ಲ ಮಿಸ್."

ಒಂದೇ ವಾರದಲ್ಲಿ ಎರಡನೇ ಸಲ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಗದ್ದೆ ಇಲ್ಲದ ಮನೆಗಳಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ನೆನಪಾಗಲಿಲ್ಲ. "ಗದ್ದೆ ಬೇಡ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗವೋ ಕೆಲಸವೋ, ಅದರ ಹೆಸರಿಡಿ. ಬರೆಯೋದೂ ಅದರ ಮೇಲೇ. ಊರು ಸುಂದರವಾಗಿದೆ ಅಂತ ಯಾರೂ ಬರೀಕೂಡದು" ಎಂದು ತಿದ್ದಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಒಂದೊಂದೇ ಕೀಲಿ ಹುಡುಕಿ, 'ಅವ್ವನ ನಾಟಿ' ಎಂದು ಹೆಸರಿಟ್ಟಳು. ಅಷ್ಟಕ್ಕೇ ಹತ್ತು ನಿಮಿಷ ಹಿಡಿಯಿತು.

ಮೊದಲ ಮೂರು ದಿನ ಹೆಡ್‌ಮಾಸ್ಟರ್ ಹೇಳಿದ್ದೇ ನಿಜವಾಗುವ ಹಾಗೆ ಕಂಡಿತು. ಬುಧವಾರದ ಸಂಜೆಗೆ ಫೈಲು ಉಳಿಸಿ, ಮುಚ್ಚಿ, ಮತ್ತೆ ತೆರೆದು ತೋರಿಸಬಲ್ಲವರು ಬರೀ ಐದು ಜನ. ರೈಲಿನಲ್ಲಿ ಮನೆಗೆ ಹೋಗುವಾಗ ಬೆರಳಲ್ಲಿ ದಿನ ಎಣಿಸುತ್ತಿದ್ದೆ. ಆದರೆ ಆ ಐದು ಜನ ಗಟ್ಟಿಯಾಗಿದ್ದರು. ಗುರುವಾರ ಅವರನ್ನು ಒಂದೊಂದು ಕಂಪ್ಯೂಟರಿನ ಪಕ್ಕ ಕೂರಿಸಿ, ಮುಂದಿನವರಿಗೆ ನೀವೇ ಹೇಳಿಕೊಡಿ ಎಂದೆ. ಒಂದೇ ಷರತ್ತು: ಹೇಳಿಕೊಡುವವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಬೇಕು. ಬಾಯಲ್ಲಿ ಹೇಳಬಹುದು, ಕೀಲಿ ಮುಟ್ಟಕೂಡದು. ಜಾಣ ಮಕ್ಕಳಿಗೆ ಈ ಷರತ್ತು ಆಗುತ್ತಿರಲಿಲ್ಲ. 'ಕೊಡಿಲ್ಲಿ' ಎಂದು ಕಿತ್ತುಕೊಂಡು ತಾವೇ ಮಾಡಿಬಿಡುತ್ತಿದ್ದರು. ಇವರಿಗೆ ಕಲಿತ ಕಷ್ಟ ಇನ್ನೂ ಹಸಿಯಾಗಿತ್ತು. ಎಲ್ಲಿ ಕೈ ತಪ್ಪುತ್ತದೆ ಎಂದು ಗೊತ್ತಿತ್ತು.

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಕೊನೆಯ ಹುಡುಗಿ ನೀರುಗಂಟಿಯವರ ಮೊಮ್ಮಗನಿಗೆ ಆ ಇಂಗ್ಲಿಷ್ ಪ್ರಶ್ನೆಗಳನ್ನು ವಿವರಿಸುತ್ತಿದ್ದಳು.

"ಇದು ಬಂದ್ರೆ 'ಇಲ್ಲಿ ಆಗ್ಲೇ ಯಾರೋ ನಾಟಿ ಮಾಡವ್ರೆ, ಅದ್ರ ಮೇಲೇ ಉತ್ಬುಡ್ಲಾ' ಅಂತ ಕೇಳ್ತದೆ. ಬ್ಯಾಡ ಅನ್ಬೇಕು. ಮುಚ್ಚೋವಾಗ ಬರೋದು ಬ್ಯಾರೆ ಕಣ್ಲಾ. 'ಕುಯ್ದಿರೋದ ಗದ್ದೇಲೇ ಬುಡ್ದೆ ಮನೆಗ್ ತಕಂಡೋಗ್ಲಾ' ಅಂತದೆ. ಅದ್ಕೆ ಊಂ ಅನ್ಬೇಕು. ಓದ್ದೆ ಒತ್ತುದ್ರೆ ನೋಡು ಮತ್ತೆ."

ನಾನು ಎರಡು ವಾರ ಗಂಟಲು ಹರಿದುಕೊಂಡರೂ ಹೇಳಲಾಗದ್ದನ್ನು ಅವಳು ಎರಡು ಉಸಿರಿನಲ್ಲಿ ಹೇಳಿದ್ದಳು. ನನಗೆ ಹೊಟ್ಟೆಕಿಚ್ಚೇ ಆಯಿತು. ಮಾರನೆಯ ದಿನದಿಂದ ನಾನೂ ಅದೇ ಮಾತಿನಲ್ಲಿ ಪಾಠ ಮಾಡಿದೆ.

ಕರೆಂಟು ಇನ್ನೊಂದು ಶತ್ರು. ಆ ಊರಿನ ಕಡೆ ಅದು ಬರುವುದೂ ಹೋಗುವುದೂ ಅದರ ಇಷ್ಟ. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಅರ್ಧ ಪುಟ ಬರೆದವರು ಕರೆಂಟು ಹೋಗಿ ಅಳುತ್ತಾ ಕೂರುವುದು ದಿನದ ಮಾತಾಯಿತು. ಒಂದೊಂದು ಸಾಲು ಮುಗಿದ ಮೇಲೂ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಿ ಎಂದರೆ ಯಾರು ಕೇಳುತ್ತಾರೆ? ಕೊನೆಗೆ ನಮ್ಮ ಶಾಲೆಯ ಅಟೆಂಡರಿಗೆ ಹೇಳಿದೆ, "ನಿಮಗೆ ಮನಸ್ಸು ಬಂದಾಗಲೆಲ್ಲ ಬಂದು ಮೇನ್ ಸ್ವಿಚ್ ಇಳಿಸಿಬಿಡಿ. ನನಗೂ ಹೇಳಬೇಡಿ." ಅವರ ಮುಖ ಅರಳಿತು. "ನೌಕ್ರಿಗೆ ಸೇರ್ದಾಗ್ಲಿಂದ ಇಂತಾ ಕೆಲ್ಸ ಯಾರೂ ಕೊಟ್ಟಿರ್ಲಿಲ್ಲ ಮೇಡಮ್ಮೋರೆ" ಎಂದರು. ಆ ವಾರ ಅವರು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದರು. ಮೊದಲ ದಿನ ಕೋಣೆಯಿಂದ ಹೋ ಎಂದು ಗೋಳು ಎದ್ದಿತು. ಮೂರನೇ ದಿನ ಸ್ವಿಚ್ ಇಳಿದಾಗ ಒಳಗಿನಿಂದ ನಗು ಕೇಳಿಸಿತು. "ಏನೂ ಓಗಿಲ್ಲ, ಎಲ್ಲಾ ಮನೆ ಸೇರ್ಕಂಡದೆ" ಎಂದು ಒಳಗಿಂದಲೇ ಕೂಗಿದರು. ಅಟೆಂಡರು ಸಪ್ಪೆ ಮುಖ ಮಾಡಿಕೊಂಡು ಹೋದರು.

ನಾಲ್ಕನೇ ವಾರದ ನಡುವಿಗೆ ಕೆಲಸ ಇಳಿಜಾರಿನ ಸೈಕಲ್ಲಿನ ಹಾಗೆ ಓಡತೊಡಗಿತು. ಮುಂದಿನ ಬೆಂಚಿನ ಜಾಣರಿಗೆ ಸರದಿ ಬಂದದ್ದು ಅಧಿಕಾರಿ ಬರುವ ಮೂರು ದಿನ ಮೊದಲು. ಅವರಿಗೆ ಒಂದೂವರೆ ದಿನ ಸಾಕಾಯಿತು. ಯಾರ ಫೈಲು ಯಾವ ಕಂಪ್ಯೂಟರಿನಲ್ಲಿದೆ ಎಂಬ ಪಟ್ಟಿಯನ್ನು ಮಕ್ಕಳೇ ಗೋಡೆಗೆ ಅಂಟಿಸಿದರು. ಪ್ರತಿದಿನ ಸಂಜೆ ನಾನು ಎಲ್ಲದರ ನಕಲು ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟೆ. ಈಗ ಅದರೊಳಗೆ ಮೂವತ್ತೊಂದು ಹೆಸರು, ಒಂದೂ ಇನ್ನೊಂದರ ಹಾಗಿರಲಿಲ್ಲ.

ಅಧಿಕಾರಿ ಬಂದದ್ದು ಸೋಮವಾರ ಹನ್ನೊಂದಕ್ಕೆ. ಮಂಡ್ಯದಲ್ಲಿ ಇನ್ನೊಂದು ಸಭೆ ಇದೆಯೆಂದು ಬರುವಾಗಲೇ ಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ಟರು ಜಾಣ ಹುಡುಗನೊಬ್ಬನನ್ನು ಮುಂದಕ್ಕೆ ನೂಕಿದರು. ಅಧಿಕಾರಿ ನಕ್ಕು, ಅವನನ್ನು ಪಕ್ಕಕ್ಕೆ ಸರಿಸಿ, ಹಾಜರಿ ಪುಸ್ತಕ ತರಿಸಿ, ಮನಬಂದ ಕಡೆ ಬೆರಳಿಟ್ಟು ಕರೆದರು. ಮೊದಲು ಕರೆದ ಹುಡುಗನನ್ನು ಹತ್ತಿರದ ಕಂಪ್ಯೂಟರಿನಲ್ಲಿ ಕೂರಿಸಿದರೆ ಅದರಲ್ಲಿ ಅವನ ಫೈಲಿಲ್ಲ. ಹೆಡ್‌ಮಾಸ್ಟರು ಬಿಳಿಚಿಕೊಂಡರು.

"ನಂದು ಇದ್ರಲ್ಲಿಲ್ಲ ಸಾ, ಮೂರ್ನೇದ್ರಲ್ಲದೆ" ಎಂದು ಹುಡುಗ ಎದ್ದು ಹೋಗಿ 'ಸೇತುವೆ ಗದ್ದೆ' ತೆರೆದು, ಒಂದು ಸಾಲು ಸೇರಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ತೋರಿಸಿದ.

ಆರನೆಯ ಮಗು ಮುಗಿದಾಗ ಅಧಿಕಾರಿ, "ಸಾಕು, ತೃಪ್ತಿಯಾಯ್ತು" ಎಂದು ಏಳಲು ಹೊರಟರು. ಹೆಡ್‌ಮಾಸ್ಟರು ಟೀ ತರಿಸಲು ಕಣ್ಸನ್ನೆ ಮಾಡಿದರು. ನನಗೆ ಎಲ್ಲಿತ್ತೋ ಕೋಪ.

"ಇಲ್ಲ ಸಾರ್. ಪತ್ರದಲ್ಲಿ ಪ್ರತಿ ಮಗುವೂ ಅಂತ ಇದೆ. ಎಲ್ಲರದ್ದೂ ನೋಡಿಕೊಂಡೇ ಹೋಗಬೇಕು. ಇವರು ಕಾದು ಕೂತಿದ್ದಾರೆ."

ಅವರು ನನ್ನ ಮುಖ ನೋಡಿದರು, ಮಕ್ಕಳ ಮುಖ ನೋಡಿದರು, ಫೋನು ತೆಗೆದು ಸಭೆಗೆ ತಡವಾಗುತ್ತದೆ ಎಂದು ಹೇಳಿ ಮತ್ತೆ ಕೂತರು. ಮೂವತ್ತೊಂದನ್ನೂ ನೋಡಿದರು. ಕಲ್ಗದ್ದೆಯ ಬಂಡೆ ಕೆಳಗೆ ಏಡಿ ಹಿಡಿಯುವ ಬಗೆ, ಆಲೆಮನೆಯಲ್ಲಿ ಪಾಕದ ಹದ ನೋಡುವ ಬಗೆ, ಅಂಗಡಿ ಜಗಲಿಯ ಇಸ್ಪೀಟು. ಓದುತ್ತಾ ಓದುತ್ತಾ ಅವರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು. 'ಅವ್ವನ ನಾಟಿ'ಯನ್ನು ಗಟ್ಟಿಯಾಗಿ ಓದಿದರು: 'ಅವ್ವ ಹಿಂದಕ್ಕೆ ನಡೆಯುತ್ತಾ ನೆಡುತ್ತಾಳೆ. ನೆಟ್ಟಿದ್ದನ್ನು ತುಳಿಯುವುದಿಲ್ಲ. ಸಂಜೆ ನಿಂತುಕೊಂಡು ಒಂದು ಸಲ ನೋಡುತ್ತಾಳೆ. ಆಮೇಲೆ ಸೊಂಟ ಹಿಡಿದುಕೊಳ್ಳುತ್ತಾಳೆ.'

ಅವರಿಗೂ ಹುರುಪು ಬಂತೇನೋ, ಅದೇ ಕಂಪ್ಯೂಟರಿನ ಮುಂದೆ ತಾವೇ ಕೂತು ಹೊಸ ಪುಟ ತೆರೆದು, 'ಶಾಲೆಯನ್ನು ನೋಡಿದೆ, ಸಂತೋಷವಾಯಿತು' ಎಂದು ಬರೆದರು. ಉಳಿಸಲು ಹೋಗಿ ಪಟ್ಟಿಯಲ್ಲಿದ್ದ ಯಾವುದೋ ಹೆಸರಿನ ಮೇಲೆ ಒತ್ತಿದರು. ಪರದೆಯ ಮೇಲೆ ಅದೇ ಹಳೆಯ ಪ್ರಶ್ನೆ ಬಂತು. ಅವರ ಬೆರಳು ಯೆಸ್ ಕಡೆ ಹೊರಟಿತ್ತು. ಕೊನೆಯ ಹುಡುಗಿ ಚಂಗನೆ ಮುಂದೆ ಬಂದು ಅವರ ಕೈಯನ್ನೇ ಹಿಡಿದಳು.

"ಬ್ಯಾಡಿ ಸಾ! ಅದು ಮಾವಿನ್ ಗದ್ದೆ. ನೀವ್ ಯೆಸ್ ಒತ್ತುದ್ರೆ ಅವ್ನ್ ಬರ್ದಿದ್ದೆಲ್ಲಾ ಓಯ್ತದೆ. ಓದ್ಬುಟ್ಟು ಒತ್ತಿ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಆ ಪ್ರಶ್ನೆಯನ್ನು ನಿಧಾನವಾಗಿ ಓದಿದರು. ಆಮೇಲೆ ಕುರ್ಚಿಯಿಂದ ಎದ್ದು, "ನೀನೇ ಕೂತ್ಕೊಳಮ್ಮ. ನಾನು ಹೇಳ್ತೀನಿ, ನೀನು ಟೈಪ್ ಮಾಡು" ಎಂದರು.

ಅವರು ನಿಂತುಕೊಂಡು ಹೇಳತೊಡಗಿದರು. ಅವಳು ಒಂದೊಂದೇ ಪದ ಹಿಡಿಯುತ್ತಾ ಹೋದಳು. 'ಈ ಶಾಲೆಯ ಏಳನೇ ತರಗತಿಯ ಎಲ್ಲ ಮಕ್ಕಳೂ ತಮ್ಮ ಬರಹವನ್ನು ತಾವೇ ತೆರೆದು ತೋರಿಸಿರುತ್ತಾರೆ. ಆದ್ದರಿಂದ ಇಲ್ಲಿನ ಕಂಪ್ಯೂಟರುಗಳನ್ನು ಬೇರೆಡೆಗೆ ಸ್ಥಳಾಂತರಿಸುವ' ಎಂಬಲ್ಲಿ ಅವಳ ಕೈ ನಿಂತಿತು. "ಒಸಿ ತಡೀರಿ ಸಾ" ಎಂದಳು. ತುಟಿ ಅಲ್ಲಾಡಿಸುತ್ತಾ ಸ ಒತ್ತಿದಳು, ಎಫ್ ಒತ್ತಿದಳು, ಶಿಫ್ಟ್ ಹಿಡಿದು ಥ ಒತ್ತಿದಳು. ಅಕ್ಷರ ಸರಿಯಾಗಿ ಕೂತಾಗ ಹಿಂದಿನಿಂದ ಯಾರೋ ಉಸಿರು ಬಿಟ್ಟರು. 'ಅಗತ್ಯವಿರುವುದಿಲ್ಲ' ಎಂದು ಅವರು ಮುಗಿಸಿದರು. ಅವಳು ಪೂರ್ಣವಿರಾಮ ಇಟ್ಟು ಉಳಿಸಿದಳು.

ಕಂಪ್ಯೂಟರುಗಳು ಎಲ್ಲಿಗೂ ಹೋಗುವುದಿಲ್ಲ ಎಂದು ಆ ಕಚೇರಿ ಕನ್ನಡದಿಂದ ಬಿಡಿಸಿಕೊಳ್ಳಲು ಒಂದು ಕ್ಷಣ ಹಿಡಿಯಿತು. ಆಮೇಲೆ ಆ ಕೋಣೆಯಲ್ಲಿ ಎದ್ದ ಕೂಗಿಗೆ ಪಕ್ಕದ ತರಗತಿಯವರೂ ಓಡಿ ಬಂದರು. ನಾನು ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟೆ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು, ಎರಡನ್ನೂ ತಡೆಯಲು ಹೋಗಲಿಲ್ಲ. ಹೆಡ್‌ಮಾಸ್ಟರು ನನ್ನ ಬಳಿ ಬಂದು, "ನಾನು ಹೇಳಿದ್ದು ಮರೆತುಬಿಡಿ ಮೇಡಂ" ಎಂದರು. ಅಧಿಕಾರಿ ಆ ಪುಟವನ್ನು ತಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳುವಾಗ, "ಕೆಳಗೆ ಟೈಪ್ ಮಾಡಿದವರ ಹೆಸರೂ ಹಾಕಮ್ಮ" ಎಂದು ಹುಡುಗಿಗೆ ಹೇಳಿದರು. ಅವಳು ಹಾಕಿದಳು.

ನಾಲ್ಕು ದಿನದ ಮೇಲೆ ಆ ಪುಟ ಕಾಗದಕ್ಕೆ ಅಚ್ಚಾಗಿ, ಸಹಿ ಮೊಹರು ಬಿದ್ದು ಶಾಲೆಗೆ ಬಂತು. ಸುದ್ದಿ ತಿಳಿದು ಹುಡುಗಿಯ ಅವ್ವ ನಾಟಿ ಗದ್ದೆಯಿಂದಲೇ ನೇರವಾಗಿ ಬಂದಳು. ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಕೈಯನ್ನು ನೆರಿಗೆಗೆ ಎರಡು ಸಲ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಅಷ್ಟಿಷ್ಟು ಓದಲು ಬರುತ್ತಿತ್ತು. ತುಟಿ ಕುಣಿಸುತ್ತಾ, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಕೊನೆಗೆ ಮಗಳ ಹೆಸರಿನ ಮೇಲೆ ನಿಲ್ಲಿಸಿದಳು. ಕಚೇರಿಯ ಕಾಗದಗಳಲ್ಲಿ ಟೈಪು ಮಾಡಿದವರ ಹೆಸರನ್ನು ಎಲ್ಲಿ ಹಾಕುತ್ತಾರೆಂದು ಗೊತ್ತಿರದ ಹುಡುಗಿ, ಅದನ್ನು ಕೊನೆಯ ಸಾಲಿನ ಕೆಳಗೇ ಬರೆದಿದ್ದಳು. ಅಧಿಕಾರಿ ಅದರ ಕೆಳಗೆ ಸಹಿ ಹಾಕಿದ್ದರು. ಅವ್ವನ ಬೆರಳು ಹೆಸರಿನಿಂದ ಸಹಿಗೆ ಇಳಿದು, ಮತ್ತೆ ಹೆಸರಿಗೆ ಏರಿತು. ನನ್ನ ಕಡೆ ತಿರುಗಿ ಕೇಳಿದಳು.

"ಇದು ಸಾಹೇಬ್ರ ಸೈನಾ?"

"ಹೌದಮ್ಮ."

"ಮತ್ತೆ ನನ್ ಮಗ್ಳು ಅವ್ರಿಗಿಂತ ಮೇಲವ್ಳೆ ಕಣಮ್ಮ!"